ನಿಮ್ಮ ಕಂಪ್ಯೂಟರ್, ನಮ್ಮ ಉತ್ತರ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಕೇಳುತ್ತವೆ: ಕಂಪ್ಯೂಟರ್ ನಿಧಾನವಾಗಿದೆ, ಏನು ಹಾಕಿಸಲಿ? ಏನನ್ನಾದರೂ ಹಾಕಿಸುವ ಮೊದಲು ಯಾವ ಭಾಗ ಉಳಿದವನ್ನು ಕಾಯಿಸುತ್ತಿದೆ ಎಂದು ನೋಡಬೇಕು. ಅದಕ್ಕೆ ಖರ್ಚಿಲ್ಲ. ಕಂಪ್ಯೂಟರ್ ಅತ್ಯಂತ ನಿಧಾನವಾಗಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು (ಪ್ರೊಸೆಸರ್), ಮೆಮೊರಿ (ರ‍್ಯಾಮ್), ಡಿಸ್ಕ್, ನೆಟ್‌ವರ್ಕ್, ಜಿಪಿಯು (ಗ್ರಾಫಿಕ್ಸ್ ಚಿಪ್) ಎಂದು ಸಾಲಾಗಿ ಇರುತ್ತವೆ. ಯಾವುದು ನೂರರ ಗಡಿ ಮುಟ್ಟಿದೆ ಎಂದು ಗುರುತು ಮಾಡಿಕೊಳ್ಳಿ, ಸಾಧ್ಯವಾದರೆ ಫೋಟೋ ತೆಗೆದು ಪತ್ರದ ಜೊತೆ ಕಳುಹಿಸಿ. ‘ತುಂಬಾ ನಿಧಾನ’ ಎಂದಷ್ಟೇ ಬರೆದವರಿಗೆ ಉತ್ತರಿಸಲು ನನಗೆ ಕಣಿ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತುತ್ತಿರುವುದೇ ಕಾರಣ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ನನ್ನ ಪಕ್ಕದ ಅಂಗಡಿಯವರು ರ‍್ಯಾಮ್ ದರವನ್ನು ಬರೆದು ಅಂಟಿಸುವುದನ್ನೇ ಬಿಟ್ಟಿದ್ದಾರೆ. ಗಿರಾಕಿ ಕೇಳಿದ ಮೇಲೆ ಒಂದು ಫೋನ್ ಮಾಡಿ ಆಮೇಲೆ ಹೇಳುತ್ತಾರೆ. ಮೊದಲಾದರೆ ‘ಇರಲಿ, ಒಂದು ರ‍್ಯಾಮ್ ಹಾಕಿ ನೋಡೋಣ’ ಎನ್ನಬಹುದಿತ್ತು. ಈಗ ಅಂದಾಜಿನ ಮೇಲೆ ಹಾಕಿಸುವ ಕಾಲವಲ್ಲ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. 2014ರಲ್ಲಿ ಮಗ ಕೊಡಿಸಿದ ಡೆಸ್ಕ್‌ಟಾಪ್ ಇದೆ. ಇಂಟೆಲ್ ಐ5 ನಾಲ್ಕನೇ ಪೀಳಿಗೆ, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಗುಂಡಿ ಒತ್ತಿ, ಒಳಗೆ ಹೋಗಿ ಚಹಾ ಕುಡಿದು ಬಂದರೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಐದು ನಿಮಿಷ ಬೇಕು. ಸ್ಟೇಷನ್ ಹತ್ತಿರದ ಅಂಗಡಿಯವರು ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಲು 24,000 ರೂಪಾಯಿ ಹೇಳಿದ್ದಾರೆ. ಹಾರ್ಡ್ ಡಿಸ್ಕ್ ಹಳೆಯದೇ ಸಾಕಂತೆ. ನನ್ನ ಕೆಲಸವೆಂದರೆ ಕನ್ನಡದಲ್ಲಿ ಬರೆಯುವುದು, ಇಮೇಲ್, ಯೂಟ್ಯೂಬ್. ಫೋಟೋ ಜೊತೆಗಿದೆ.
— ಒಬ್ಬ ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಬೇಡ ಮಾಸ್ತರರೇ, ದುಡ್ಡು ಒಳಗಿಡಿ. ನಿಮ್ಮ ಫೋಟೋದಲ್ಲಿ ಸಿಪಿಯು ಶೇ 11, ಮೆಮೊರಿ ಶೇ 84, ಡಿಸ್ಕ್ ಶೇ 100. ಡಿಸ್ಕಿನ ಕೆಳಗೆ ‘ಆವರೇಜ್ ರೆಸ್ಪಾನ್ಸ್ ಟೈಮ್’ ಎಂಬಲ್ಲಿ 1,900 ಮಿಲಿಸೆಕೆಂಡ್ ಎಂದಿದೆ. ಅಂದರೆ ಡಿಸ್ಕಿನಿಂದ ಏನಾದರೂ ಕೇಳಿದರೆ ಕೈಗೆ ಬರಲು ಹೆಚ್ಚುಕಡಿಮೆ ಎರಡು ಸೆಕೆಂಡು. ಅಂಗಡಿಯವರು ಕಿತ್ತುಹಾಕಲು ಹೊರಟ ಪ್ರೊಸೆಸರ್ ಕೆಲಸವಿಲ್ಲದೆ ಕುಳಿತಿದೆ. ‘ಹಳೆಯದೇ ಸಾಕು’ ಎಂದ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ. ಎತ್ತಿಗೆ ಜ್ವರ ಬಂದಿದೆ, ಅವರು ಎಮ್ಮೆಯ ಹತ್ತಿರ ಬರೆಗೋಲು ಹಿಡಿದು ನಿಂತಿದ್ದಾರೆ.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಓಡಾಡುವ ಓದುತಲೆ ಇದೆ. ನಿಮಿಷಕ್ಕೆ 7,200 ಸುತ್ತು ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಅಲ್ಲಿಗೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಹಿಡಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಎಂಬತ್ತು ಬೇರೆ ಬೇರೆ ಜಾಗ ಓದಿದರೆ ಹೆಚ್ಚು. ಡಬ್ಬಿಯ ಮೇಲೆ ಸೆಕೆಂಡಿಗೆ 150 ಎಂಬಿ ಎಂದು ಬರೆದಿದ್ದರೆ ಅದು ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದುವಾಗಿನ ಮಾತು. ವಿಂಡೋಸ್ ಏಳುವಾಗ ಓದುವುದು ಎಲ್ಲೆಲ್ಲೋ ಚದುರಿದ ಸಾವಿರಾರು ಚೂರುಗಳನ್ನು. ಒಂದೊಂದು ಚೂರು 4 ಕೆಬಿ ಎಂದಿಟ್ಟುಕೊಂಡರೆ, ಅದೇ ಡಿಸ್ಕಿನಿಂದ ಸೆಕೆಂಡಿಗೆ ಸಿಗುವುದು ಸುಮಾರು 320 ಕೆಬಿ. ತಟ್ಟೆಗಳ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಚೂರಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು.

ನಿಮ್ಮ ಐದು ನಿಮಿಷ ಎಂದರೆ 300 ಸೆಕೆಂಡು. ಅದರಲ್ಲಿ 270 ಡಿಸ್ಕಿಗೆ ಕಾಯುವುದಕ್ಕೆ, 30 ಪ್ರೊಸೆಸರಿನ ಕೆಲಸಕ್ಕೆ ಹೋಗುತ್ತದೆ ಎಂದುಕೊಳ್ಳಿ. ಪ್ರೊಸೆಸರಿನ ವೇಗ ದುಪ್ಪಟ್ಟಾದರೆ ಉಳಿತಾಯವಾಗುವುದು 15 ಸೆಕೆಂಡು. ಇನ್ನೂ 285 ಕಾಯಬೇಕು. ಡಿಸ್ಕಿನ ಕಾಯುವಿಕೆ ಹತ್ತನೇ ಒಂದಕ್ಕೆ ಇಳಿದರೆ 57 ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಈ ಲೆಕ್ಕದ ತತ್ವವನ್ನು ಜೀನ್ ಅಮ್ಡಾಲ್ ಎಂಬ ಗಣಕ ವಿನ್ಯಾಸಕಾರ 1967ರಲ್ಲೇ ಹೇಳಿದ್ದರು. ಅಂಗಡಿಯವರಿಗೆ ಇದು ಗೊತ್ತಿಲ್ಲವೆಂದಲ್ಲ; 24,000ದ ಬಿಲ್ಲಿನಲ್ಲಿ ಉಳಿಯುವಷ್ಟು ಲಾಭ ಒಂದು ಎಸ್‌ಎಸ್‌ಡಿಯಲ್ಲಿ ಉಳಿಯುವುದಿಲ್ಲ.

ಆದರೆ 1,900 ಎಂಬ ಅಂಕಿ ನನಗೆ ಇಷ್ಟವಾಗಲಿಲ್ಲ. ಇಷ್ಟು ದೊಡ್ಡ ಅಂಕಿ ಬಂದಾಗ ಡಿಸ್ಕ್ ಕೆಡುತ್ತಿರಲೂಬಹುದು. ಆದ್ದರಿಂದ ಮೊದಲ ಕೆಲಸ, ಬರಹಗಳನ್ನೂ ಫೋಟೋಗಳನ್ನೂ ಬೇರೆ ಕಡೆಗೆ ನಕಲು ಮಾಡಿಕೊಳ್ಳುವುದು. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. 05 ಮತ್ತು ಸಿ5 ಎಂಬ ಸಾಲುಗಳ ಕೊನೆಯಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಆ ಡಿಸ್ಕನ್ನು ನಂಬಬೇಡಿ. ಆಗ ಹಳೆಯದನ್ನು ಇದ್ದ ಹಾಗೆ ಎಸ್‌ಎಸ್‌ಡಿಗೆ ನಕಲಿಸುವ ಬದಲು ವಿಂಡೋಸ್ ಅನ್ನು ಹೊಸದಾಗಿ ಹಾಕಿಸಿ.

ಕೊಳ್ಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ನಿಮಗೆ 256 ಜಿಬಿ ಧಾರಾಳ. ನಿಮ್ಮ ಕಾಲದ ಬೋರ್ಡುಗಳಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಕಿಂಡಿಗಳೆಲ್ಲ ಸಮಾನವಲ್ಲ. ಆಗ ತುಂಬಾ ಮಾರಾಟವಾದ ಎಚ್81 ಬೋರ್ಡಿನಲ್ಲಿ ಎರಡು ಕಿಂಡಿ 6 ಗಿಗಾಬಿಟ್ಟಿನವು, ಎರಡು 3 ಗಿಗಾಬಿಟ್ಟಿನವು. ಟಾರ್ಚ್ ಹಾಕಿ ನೋಡಿದರೆ ಕಿಂಡಿಯ ಪಕ್ಕ ಬೋರ್ಡಿನ ಮೇಲೆಯೇ ಬರೆದಿರುತ್ತದೆ. 6 ಇರುವುದಕ್ಕೆ ಸಿಕ್ಕಿಸಲು ಹೇಳಿ. ಕ್ಯಾಬಿನೆಟ್ಟಿನಲ್ಲಿ ಎಸ್‌ಎಸ್‌ಡಿಗೆ ಜಾಗವಿಲ್ಲವೆಂದು ಇನ್ನೊಂದು ಕ್ಯಾಬಿನೆಟ್ ಮಾರಲು ಬಂದರೆ ಒಪ್ಪಬೇಡಿ. ಒಳಗೆ ಅಲುಗಾಡುವ ಭಾಗವೇ ಇಲ್ಲದ ವಸ್ತು ಅದು, ಎರಡು ಬದಿ ಅಂಟುವ ಟೇಪಿನಲ್ಲಿ ನಿಲ್ಲಿಸಿದರೂ ನಡೆಯುತ್ತದೆ.

ರ‍್ಯಾಮ್ ವಿಷಯ. 4 ಜಿಬಿಯಲ್ಲಿ ವಿಂಡೋಸೇ ಅರ್ಧದಷ್ಟು ನುಂಗುತ್ತದೆ. ಯೂಟ್ಯೂಬ್ ಜೊತೆ ನಾಲ್ಕು ಪುಟ ತೆರೆದರೆ ಉಳಿದದ್ದೂ ತುಂಬಿ, ಹೆಚ್ಚಾದದ್ದನ್ನು ಡಿಸ್ಕಿಗೆ ಇಳಿಸಲು ಶುರುಮಾಡುತ್ತದೆ. ಎಸ್‌ಎಸ್‌ಡಿ ಹಾಕಿ ಒಂದು ವಾರ ನೋಡಿ. ಮೆಮೊರಿ ಶೇ 90 ದಾಟುತ್ತಲೇ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿ. ನಿಮ್ಮದು ಡಿಡಿಆರ್3 ಎಂಬ ಹಳೆಯ ಬಗೆಯ ರ‍್ಯಾಮ್. ಕಳಚಿದ ಹಳೆಯ ಕಡ್ಡಿಗಳು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತವೆ. ಅಗ್ಗಕ್ಕೆ ಸಿಗುವ ಕೆಲವು 8 ಜಿಬಿ ಕಡ್ಡಿಗಳು ಎಎಂಡಿ ಬೋರ್ಡುಗಳಲ್ಲಿ ಮಾತ್ರ ಓಡುತ್ತವೆ. ನಿಮ್ಮ ಇಂಟೆಲ್ ಬೋರ್ಡಿಗೆ ಹಾಕಿದರೆ ತೆರೆ ಕಪ್ಪಾಗಿಯೇ ಉಳಿಯುತ್ತದೆ. ಅಂಗಡಿಯಲ್ಲೇ ಹಾಕಿಸಿ, ಓಡಿಸಿ ನೋಡಿ ದುಡ್ಡು ಕೊಡಿ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಸುರಕ್ಷತಾ ಪರಿಷ್ಕರಣೆಗಳು ಸಿಗುವುದು 2026ರ ಅಕ್ಟೋಬರ್‌ವರೆಗೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದ್ದರಿಂದ ಮುಂದೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಿಸಿಕೊಳ್ಳುವುದನ್ನು ಯೋಚಿಸಿ. ನೀವು ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯುವವರಾದರೆ, ಅದರ ಕೆಜಿಪಿ ಕೀಲಿಮಣೆ ವಿನ್ಯಾಸ ಮಿಂಟ್‌ನಲ್ಲೂ ಇದೆ, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಕೌಂಟರಿನಲ್ಲಿ ಎರಡು ಕಂಪ್ಯೂಟರ್, ಮಹಡಿಯ ಮೇಲೆ ಧಣಿಗಳ ಕೋಣೆಯಲ್ಲಿ ಒಂದು. ಬಿಲ್ಲಿಂಗ್ ಲೆಕ್ಕದ ಕಡತಗಳೆಲ್ಲ ಧಣಿಗಳ ಕಂಪ್ಯೂಟರಿನಲ್ಲಿವೆ. ನಾವು ವೈಫೈ ಮೂಲಕ ತೆರೆಯುತ್ತೇವೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬಿಲ್ ಬರಲು ಅರ್ಧ ನಿಮಿಷವಾಗುತ್ತದೆ. ರಾತ್ರಿ 11ರ ನಂತರ ಸರಿಯಾಗಿ ಓಡುತ್ತದೆ. ಕೌಂಟರಿನ ಎರಡಕ್ಕೂ 16 ಜಿಬಿ ರ‍್ಯಾಮ್ ಹಾಕಿಸಿದೆವು. ಏನೂ ವ್ಯತ್ಯಾಸವಾಗಲಿಲ್ಲ. ಧಣಿಗಳು ನನ್ನ ಮುಖ ನೋಡುತ್ತಿದ್ದಾರೆ.
— ಒಬ್ಬ ಓದುಗರು, ಮುಲುಂಡ್

ಉತ್ತರ: ನೀವು ಕಳುಹಿಸಿದ ಫೋಟೋದಲ್ಲಿ 16 ಜಿಬಿಯಲ್ಲಿ ಬಳಕೆಯಾಗುತ್ತಿರುವುದು 4.6. ಉಳಿದ ಹನ್ನೊಂದು ಚಿಲ್ಲರೆ ಜಿಬಿ ಈ ದುಬಾರಿ ದಿನಗಳಲ್ಲಿ ಸುಮ್ಮನೆ ಕುಳಿತಿದೆ. ಕಾವಲಿ ಒಂದೇ ಇರುವಾಗ ಗ್ರೈಂಡರ್ ಎರಡು ತಂದರೆ ದೋಸೆ ಬೇಗ ಬರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಪತ್ರದ ಒಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು: ರಾತ್ರಿ 11ರ ನಂತರ ಸರಿಯಾಗಿ ಓಡುತ್ತದೆ. ಕೌಂಟರಿನ ಕಂಪ್ಯೂಟರ್ ದುರ್ಬಲವಾಗಿದ್ದರೆ ಎಲ್ಲ ಹೊತ್ತಿನಲ್ಲೂ ನಿಧಾನವಾಗಬೇಕಿತ್ತು. ಜನ ಹೆಚ್ಚಿದಾಗ ಮಾತ್ರ ನಿಧಾನವೆಂದರೆ, ಎಲ್ಲರೂ ಹಂಚಿಕೊಳ್ಳುವ ಯಾವುದೋ ಒಂದು ಕಡೆ ದಟ್ಟಣೆಯಾಗುತ್ತಿದೆ. ನಿಮ್ಮಲ್ಲಿ ಹಂಚಿಕೊಂಡಿರುವುದು ಎರಡು: ಧಣಿಗಳ ಕಂಪ್ಯೂಟರಿನ ಡಿಸ್ಕ್, ಮತ್ತು ವೈಫೈ. ಊಟಕ್ಕೆ ಬಂದ ಗಿರಾಕಿಗಳಿಗೂ ಅದೇ ವೈಫೈಯ ಪಾಸ್‌ವರ್ಡ್ ಕೊಡುತ್ತೀರೇನು? ಗೋಡೆಯ ಮೇಲೆ ಬರೆದು ಅಂಟಿಸಿರುವ ಹೋಟೆಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಿದ್ದರೆ ಒಂದು ಗಂಟೆಯ ಹೊತ್ತಿಗೆ ನಲವತ್ತು ಮೊಬೈಲುಗಳ ಜೊತೆ ನಿಮ್ಮ ಬಿಲ್ ಕೂಡ ಸರದಿಯಲ್ಲಿ ನಿಲ್ಲುತ್ತದೆ.

ಹೀಗೆ ಮಾಡಿ. ಊಟದ ಹೊತ್ತಿನಲ್ಲಿ ಹುಡುಗನೊಬ್ಬನನ್ನು ಮೇಲೆ ಕಳುಹಿಸಿ, ಧಣಿಗಳ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಸಿ. ಅಲ್ಲಿ ಡಿಸ್ಕ್ ನೂರು ತೋರಿಸಿದರೆ ಎಸ್‌ಎಸ್‌ಡಿ ಹಾಕಬೇಕಾದದ್ದು ಆ ಕಂಪ್ಯೂಟರಿಗೆ, ಕೌಂಟರಿನದಕ್ಕಲ್ಲ. ಅಲ್ಲಿ ಡಿಸ್ಕ್ ಹಗುರವಾಗಿದ್ದರೆ ತೊಂದರೆ ನಡುವಿನ ವೈಫೈಯಲ್ಲಿದೆ. ಎರಡರಲ್ಲಿ ಯಾವುದೇ ಆಗಲಿ, ಲೆಕ್ಕದ ಕಂಪ್ಯೂಟರುಗಳನ್ನು ವೈಫೈಯಿಂದ ಬಿಡಿಸಿ ಕೇಬಲ್‌ಗೆ ತನ್ನಿ. ನಡುವೆ ಕೇಬಲ್‌ಗಳನ್ನು ಕೂಡಿಸುವ ಒಂದು ಗಿಗಾಬಿಟ್ ಸ್ವಿಚ್ ಇಡಿಸಿ.

ಕೇಬಲ್ ಎಳೆದ ಮೇಲೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಎಷ್ಟು ತೋರಿಸುತ್ತದೆ ಎಂದು ನೋಡಲು ಮರೆಯಬೇಡಿ. 1,000 ಎಂದಿರಬೇಕು. 100 ಎಂದಿದ್ದರೆ ಸಂಪರ್ಕ ಇದ್ದೂ ಕೆಲಸ ಪೂರ್ತಿಯಾಗಿಲ್ಲ. ಆ ಕೇಬಲಿನೊಳಗೆ ಎಂಟು ತಂತಿಗಳಿವೆ. 100 ಮೆಗಾಬಿಟ್‌ಗೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹೆಚ್ಚಿನ ಆ ನಾಲ್ಕರಲ್ಲಿ ಒಂದನ್ನು ಇಲಿ ಕಡಿದಿದ್ದರೂ, ತುದಿಯ ಪ್ಲಾಸ್ಟಿಕ್ ಕ್ಲಿಪ್ಪಿನೊಳಗೆ ಒಂದು ಸರಿಯಾಗಿ ಕೂರದಿದ್ದರೂ ಅದು ಗದ್ದಲ ಮಾಡದೆ 100ಕ್ಕೆ ಇಳಿದುಬಿಡುತ್ತದೆ. ಸೆಕೆಂಡಿಗೆ 125 ಎಂಬಿ ಸಾಗಬೇಕಾದ ಕಡೆ 12.5 ಸಾಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲಿಂದ ಕೇಬಲ್ ಎಳೆಸಬೇಡಿ. ಎಣ್ಣೆಯ ಹಬೆ ಕ್ಲಿಪ್ಪಿನ ಲೋಹದ ಹಲ್ಲುಗಳ ಮೇಲೆ ಕೂತು, ಅದರ ಮೇಲೆ ಧೂಳು ಅಂಟಿ, ಕೆಲವೇ ತಿಂಗಳಲ್ಲಿ ಸಂಪರ್ಕ ಬಿಟ್ಟು ಬಿಟ್ಟು ಬರಲು ಶುರುವಾಗುತ್ತದೆ.

ಕೌಂಟರಿನ ಕಂಪ್ಯೂಟರುಗಳ ಫ್ಯಾನ್ ಕೂಡ ಬಿಚ್ಚಿಸಿ ನೋಡಿ. ಹೋಟೆಲಿನಿಂದ ಬರುವ ಯಂತ್ರಗಳಲ್ಲಿ ಧೂಳು ಊದಿದರೆ ಹಾರುವುದಿಲ್ಲ, ಕುಂಚದಿಂದ ಕೆರೆಯಬೇಕಾಗುತ್ತದೆ. ಪ್ರೊಸೆಸರಿನ ಬಿಸಿ ನೂರು ಡಿಗ್ರಿಯ ಹತ್ತಿರ ಹೋದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇನ್ನು ಆ ರ‍್ಯಾಮ್: ಬಿಲ್ ಇದ್ದರೆ ಹಿಂದಿರುಗಿಸಲು ನೋಡಿ. ಬೆಲೆ ಏರಿರುವಾಗ ಅಂಗಡಿಯವರು ಸಂತೋಷದಿಂದ ತೆಗೆದುಕೊಂಡಾರು. ಧಣಿಗಳ ಮುಖವೂ ಸ್ವಲ್ಪ ಸಡಿಲಾದೀತು.

ಪ್ರಶ್ನೆ: ಅಕ್ಕಾ, ಡಿಪ್ಲೊಮಾ ಓದುತ್ತಿದ್ದೇನೆ. ಅಪ್ಪ ಕೊಡಿಸಿದ ಲ್ಯಾಪ್‌ಟಾಪ್‌ನಲ್ಲಿ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಇದೆ. ರ‍್ಯಾಮ್, ಎಸ್‌ಎಸ್‌ಡಿ ಎರಡರಲ್ಲಿ ಮೊದಲು ಯಾವುದು ಹಾಕಿಸಲಿ?
— ಒಬ್ಬ ವಿದ್ಯಾರ್ಥಿ, ವಾಕಡ್, ಪುಣೆ

ಉತ್ತರ: ಎರಡೂ ಬೇಡ ತಮ್ಮಾ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒತ್ತಿ, ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ನೋಡು. ‘ಎಸ್‌ಒಡಿಐಎಂಎಂ’ ಎಂದಿದ್ದರೆ ಬದಲಿಸಬಹುದಾದ ಕಡ್ಡಿ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ. ಈ ದರ್ಜೆಯ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಎರಡನೆಯದೇ ಇರುತ್ತದೆ, ಡಿಸ್ಕಿನ ಕೆಲಸ ಮಾಡುವ ಇಎಂಎಂಸಿ ಚಿಪ್ಪನ್ನೂ ಹಾಗೇ ಬೆಸೆದಿರುತ್ತಾರೆ. ಬೇಡದ ತಂತ್ರಾಂಶಗಳು ತಾವಾಗಿ ಶುರುವಾಗುವುದನ್ನು ‘ಸ್ಟಾರ್ಟಪ್’ ಪುಟದಲ್ಲಿ ನಿಲ್ಲಿಸು, 64 ಜಿಬಿಯಲ್ಲಿ ಹತ್ತಾದರೂ ಖಾಲಿ ಇಡು, ಅಷ್ಟರಲ್ಲಿ ಈ ವರ್ಷ ತಳ್ಳು. ಹಾಕಿಸಬೇಕೆಂದಿದ್ದ ದುಡ್ಡನ್ನು ಎತ್ತಿಟ್ಟರೆ ಮುಂದೆ ಕಚೇರಿಗಳಿಂದ ಬರುವ, ಇಂಟೆಲ್ ಎಂಟನೇ ಅಥವಾ ನಂತರದ ಪೀಳಿಗೆಯ ಹಳೆಯ ಲ್ಯಾಪ್‌ಟಾಪಿಗೆ ಆಗುತ್ತದೆ. ಅದನ್ನು ಕೊಳ್ಳುವಾಗ ಮಾತ್ರ ಇದೇ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡು.

ಪ್ರಶ್ನೆ: ಮೂರು ವರ್ಷದ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಇದೆ. ಚೆನ್ನಾಗಿಯೇ ಇತ್ತು. ಗಣೇಶ ಚೌತಿಯ ನಂತರ ಒಮ್ಮೆಲೇ ನಿಧಾನವಾಯಿತು. ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ, ನನ್ನ ಮಾತು ತುಂಡು ತುಂಡಾಗಿ ಕೇಳುತ್ತದಂತೆ. ಹಳೆಯ ಚಾರ್ಜರ್ ಹಾಳಾಗಿ ಬೇರೆಯದು ತಂದಿದ್ದೇನೆ. ರ‍್ಯಾಮ್ 16 ಮಾಡಿಸಿದರೆ ಸರಿಹೋದೀತೇ?
— ಒಬ್ಬ ಓದುಗರು, ವಾಸ್ಕೋ, ಗೋವಾ

ಉತ್ತರ: ಒಮ್ಮೆಲೇ ನಿಧಾನವಾದದ್ದು ಎಂದರೆ ಏನೋ ಕೆಟ್ಟಿದೆ; ಕೊರತೆಯಾದದ್ದಲ್ಲ. ಕಳೆದ ತಿಂಗಳು ಸಾಕಾಗುತ್ತಿದ್ದ 8 ಜಿಬಿ ಈ ತಿಂಗಳು ಏಕೆ ಸಾಕಾಗಬಾರದು ತಂಗೀ? ಚಾರ್ಜರ್ ಬದಲಿಸಿದ ಮಾತನ್ನು ಕೊನೆಯಲ್ಲಿ ಬರೆದಿದ್ದೀರಿ. ನನಗೆ ಅದೇ ಮೊದಲು ಕಾಣಿಸಿತು.

ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಚಾರ್ಜರ್ ತಮ್ಮದೇ ಹೌದೋ, ಎಷ್ಟು ವಾಟ್ ಎಂದು ವಿಚಾರಿಸುತ್ತವೆ. ದುಂಡು ಪಿನ್ನಿನ ನಡುವೆ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ಪಿನ್ ಇರುತ್ತದಲ್ಲ, ಆ ಮಾಹಿತಿ ಅದರ ಮೂಲಕ ಬರುತ್ತದೆ. ಉತ್ತರ ಬರದಿದ್ದರೆ, ಅಥವಾ 65 ವಾಟ್ ಬೇಕಾದ ಕಡೆ 45 ಎಂದು ಬಂದರೆ, ಲ್ಯಾಪ್‌ಟಾಪ್ ಪ್ರೊಸೆಸರಿನ ವೇಗವನ್ನು ತಳಕ್ಕೆ ಇಳಿಸುತ್ತದೆ. ಬ್ಯಾಟರಿ ತುಂಬಿಸುವುದನ್ನೂ ನಿಲ್ಲಿಸಬಹುದು. ಹೊರಗಿನಿಂದ ನೋಡುವವರಿಗೆ ಚಾರ್ಜರಿನ ದೀಪ ಉರಿಯುತ್ತಿರುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ತೆರೆದಿಟ್ಟು ‘ಸ್ಪೀಡ್’ ಎಂಬ ಅಂಕಿಯನ್ನು ನೋಡಿ. ಕೆಲಸ ಮಾಡುತ್ತಿರುವಾಗಲೂ ಅದು 0.4, 0.8 ಗಿಗಾಹರ್ಟ್ಸ್‌ನಲ್ಲೇ ಅಂಟಿಕೊಂಡಿದೆಯೇ? ಹಾಗೇ ನೋಡುತ್ತ ಚಾರ್ಜರ್ ಕಳಚಿ. ಬ್ಯಾಟರಿಯ ಮೇಲೆ ಓಡುವಾಗ ಅಂಕಿ 2, 3ಕ್ಕೆ ಜಿಗಿದರೆ ಚಾರ್ಜರೇ ಕಾರಣ. ಆಗ ನಿಮ್ಮ ಮಾದರಿಗೆ ಹೇಳಿದ ವಾಟ್‌ನ, ಅದೇ ಕಂಪನಿಯ ಚಾರ್ಜರ್ ತರಿಸಿ.

ಹೊಸ ಚಾರ್ಜರಿಗೂ ಹಾಗೇ ಆದರೆ ಲ್ಯಾಪ್‌ಟಾಪಿನ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ವಾಸ್ಕೋದ ಉಪ್ಪುಗಾಳಿಗೆ, ಅದರಲ್ಲೂ ಮಳೆಗಾಲ ಕಳೆದ ಮೇಲೆ, ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಆ ಕಿಂಡಿ ಎಷ್ಟೋ ಮಾದರಿಗಳಲ್ಲಿ ಸಣ್ಣ ತಂತಿಯ ಜೊತೆ ಬೇರೆಯಾಗಿಯೇ ಬರುತ್ತದೆ. ಬದಲಿಸಲು ಇಡೀ ಬೋರ್ಡ್ ಬೇಕಿಲ್ಲ. ಬ್ಯಾಟರಿ ಉಬ್ಬಿ ಕೆಳಗಿನ ಮುಚ್ಚಳ ಎದ್ದಿದ್ದರೆ ಮಾತ್ರ ಈ ಪರೀಕ್ಷೆಗಳೆಲ್ಲ ಬೇಡ. ಬಳಸುವುದನ್ನು ನಿಲ್ಲಿಸಿ, ಮೊದಲು ಅದನ್ನು ತೆಗೆಸಿ.

ಪ್ರಶ್ನೆ: ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಯ ಪುಟವಿನ್ಯಾಸ ನಾನೇ ಮಾಡುವುದು. ಪೇಜ್‌ಮೇಕರ್ 7, ನುಡಿ ಅಕ್ಷರಗಳು. 160 ಪುಟ. ಪುಟ ತಿರುಗಿಸಿದರೆ ಫೋಟೋಗಳು ಮೂಡಲು ಹತ್ತು ಸೆಕೆಂಡಾಗುತ್ತದೆ. ಕಂಪ್ಯೂಟರ್ ಹೊಸದು: ಎಂಟು ಕೋರ್, 16 ಜಿಬಿ, ಎಸ್‌ಎಸ್‌ಡಿ. ಫೋಟೋಗಳು ಸದಸ್ಯರು ಕೊಟ್ಟ ಪೆನ್‌ಡ್ರೈವ್‌ಗಳಲ್ಲಿವೆ. ಸಮಿತಿಯವರು ಗ್ರಾಫಿಕ್ಸ್ ಕಾರ್ಡಿಗೆ 20,000 ಮಂಜೂರು ಮಾಡಿದ್ದಾರೆ. ತಪ್ಕೀರ್ ಗಲ್ಲಿಯಲ್ಲಿ ಯಾವುದು ಕೇಳಲಿ?
— ಒಬ್ಬ ಓದುಗರು, ಪುಣೆ

ಉತ್ತರ: ತಪ್ಕೀರ್ ಗಲ್ಲಿಗೆ ಹೋಗಿ, ಬೇಕಾದರೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ. ಗ್ರಾಫಿಕ್ಸ್ ಕಾರ್ಡ್ ಬೇಡ.

ಪೇಜ್‌ಮೇಕರ್ 7 ಹೊರಬಂದದ್ದು 2001ರಲ್ಲಿ. ಮೇಜಿನ ಮೇಲಿನ ಕಂಪ್ಯೂಟರುಗಳಿಗೆ ಎರಡು ಕೋರಿನ ಪ್ರೊಸೆಸರ್ ಬಂದದ್ದೇ 2005ರಲ್ಲಿ. ನಿಮ್ಮ ಎಂಟು ಕೋರುಗಳಲ್ಲಿ ಅದು ದುಡಿಸಿಕೊಳ್ಳುವುದು ಒಂದನ್ನು. 32 ಬಿಟ್ಟಿನ ತಂತ್ರಾಂಶವಾದ್ದರಿಂದ ರ‍್ಯಾಮ್ ಎಷ್ಟೇ ಇದ್ದರೂ ಅದರ ಕೈಗೆ ಸಿಗುವುದು ಸಾಮಾನ್ಯವಾಗಿ 2 ಜಿಬಿ. ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಮಾಡುವ ಶಕ್ತಿಯನ್ನು ಬಳಸಿಕೊಳ್ಳುವುದು ಅದಕ್ಕೆ ಗೊತ್ತೇ ಇಲ್ಲ. 20,000ದ ಕಾರ್ಡ್ ಹಾಕಿದರೂ ಅದು ತೆರೆಗೆ ಚಿತ್ರ ದಾಟಿಸುವುದಷ್ಟನ್ನೇ ಮಾಡುತ್ತ ಕುಳಿತಿರುತ್ತದೆ.

ತೊಡಕು ಇರುವುದು ಪೆನ್‌ಡ್ರೈವಿನಲ್ಲಿ. ಪುಟದಲ್ಲಿ ಇಟ್ಟ ದೊಡ್ಡ ಫೋಟೋವನ್ನು ಪೇಜ್‌ಮೇಕರ್ ಒಳಗೆ ತುಂಬಿಕೊಳ್ಳದೆ ಕೊಂಡಿ ಹಾಕಿ ಇಟ್ಟುಕೊಂಡಿರುತ್ತದೆ. ಪೂರ್ಣ ಸ್ಪಷ್ಟತೆಯಲ್ಲಿ ತೋರಿಸಬೇಕಾದಾಗಲೆಲ್ಲ ಮೂಲ ಕಡತದ ಕಡೆಗೆ ಓಡುತ್ತದೆ. ಹಳೆಯ ಯುಎಸ್‌ಬಿ 2 ಪೆನ್‌ಡ್ರೈವ್ ಸೆಕೆಂಡಿಗೆ 30, 35 ಎಂಬಿ ಕೊಟ್ಟರೆ ಪುಣ್ಯ. 50 ಎಂಬಿಯ ಟಿಫ್ ಚಿತ್ರಗಳು ಪುಟಕ್ಕೆ ನಾಲ್ಕಿದ್ದರೆ ನಿಮ್ಮ ಹತ್ತು ಸೆಕೆಂಡಿನಲ್ಲಿ ಹೆಚ್ಚು ಪಾಲು ಎಲ್ಲಿಗೆ ಹೋಯಿತೆಂದು ನೀವೇ ಲೆಕ್ಕ ಹಾಕಿ ನೋಡಿ. ಎಲ್ಲ ಫೋಟೋಗಳನ್ನೂ ಎಸ್‌ಎಸ್‌ಡಿಯ ಒಂದೇ ಫೋಲ್ಡರಿಗೆ ನಕಲಿಸಿ, ಫೈಲ್ ಮೆನುವಿನ ಲಿಂಕ್ಸ್ ಮ್ಯಾನೇಜರಿನಲ್ಲಿ ಕೊಂಡಿಗಳನ್ನು ಅಲ್ಲಿಗೆ ತಿರುಗಿಸಿ.

ಫೈಲ್, ಪ್ರಿಫರೆನ್ಸಸ್, ಜನರಲ್ ಎಂದು ಹೋದರೆ ‘ಗ್ರಾಫಿಕ್ಸ್ ಡಿಸ್ಪ್ಲೇ’ ಎಂಬಲ್ಲಿ ಮೂರು ಆಯ್ಕೆಗಳಿವೆ. ‘ಹೈ ರೆಸೊಲ್ಯೂಷನ್’ ಇಟ್ಟಿದ್ದೀರೆಂದು ನನ್ನ ಊಹೆ. ‘ಸ್ಟ್ಯಾಂಡರ್ಡ್’ಗೆ ಇಳಿಸಿ. ಕರಡು ತಿದ್ದುವಾಗ ‘ಗ್ರೇ ಔಟ್’ ಇಟ್ಟರಂತೂ ಚಿತ್ರದ ಜಾಗದಲ್ಲಿ ಬೂದು ಚೌಕ ಮಾತ್ರ ಕಾಣುತ್ತದೆ, ಪುಟಗಳು ಸರಸರ ಓಡುತ್ತವೆ. ಮುದ್ರಣದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ತೆರೆಯ ಮಾತು. ಜೊತೆಗೆ, ವರ್ಷ ವರ್ಷ ಬಂದವರೆಲ್ಲ ತುಂಬಿಸಿಹೋದ ಫಾಂಟುಗಳಲ್ಲಿ ಈ ಸಂಚಿಕೆಗೆ ಬೇಕಾದವನ್ನು ಉಳಿಸಿ, ಉಳಿದವನ್ನು ತೆಗೆದಿಡಿ. ತಂತ್ರಾಂಶ ತೆರೆಯುವಾಗಿನ ತಡ ಅಲ್ಲಿಂದ ಬರುತ್ತಿರಬಹುದು.

ಮಂಜೂರಾದ ಹಣ ಹಿಂದಕ್ಕೆ ಹೋಗುತ್ತದೆಂಬ ಚಿಂತೆ ನಿಮಗಿದ್ದರೆ ಅದು ನನ್ನ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ. ಸಂಘಗಳ ಖಜಾಂಚಿಗಳನ್ನು ನಾನೂ ಬಲ್ಲೆ.

ಪ್ರಶ್ನೆ: ಮದುವೆ ವಿಡಿಯೋ ತೆಗೆದು ಸಂಕಲನ ಮಾಡುವುದು ನನ್ನ ವೃತ್ತಿ. ಐ5 9400ಎಫ್, 8 ಜಿಬಿ, ಜಿಟಿಎಕ್ಸ್ 1050 ಕಾರ್ಡ್, ಸಾಟಾ ಎಸ್‌ಎಸ್‌ಡಿ. ಹೊಸ ಕ್ಯಾಮೆರಾ ತಂದ ಮೇಲೆ ಅದರ 4ಕೆ ವಿಡಿಯೋ ಸಂಕಲನದಲ್ಲಿ ಮುಗ್ಗರಿಸುತ್ತದೆ. ಕ್ಯಾಮೆರಾದಲ್ಲಿ ಎಚ್.265, 10 ಬಿಟ್, 4:2:2 ಎಂದು ಇಟ್ಟಿದ್ದೇನೆ. ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸು ಎಂದು ಒಬ್ಬರು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಎಂದು ಇನ್ನೊಬ್ಬರು.
— ಒಬ್ಬ ಓದುಗರು, ಕಲ್ಯಾಣ್

ಉತ್ತರ: ಡೊಂಬಿವಲಿಯ ಮಾಸ್ತರರಿಗೆ ಬೇಡವೆಂದ ಸಾಮಾನು ನಿಮಗೆ ಬೇಕು. ನಿಮ್ಮದು ನಿಜವಾಗಿಯೂ ಖರ್ಚು ಮಾಡಬೇಕಾದ ಪ್ರಸಂಗ. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಎನ್‌ವಿಎಂಇ ಹೇಳಿದವರ ಮಾತನ್ನು ಮೊದಲು ಬಿಡೋಣ. ಅದು ಸಾಟಾಗಿಂತ ವೇಗದ ಎಸ್‌ಎಸ್‌ಡಿ, ನಿಜ. ಕ್ಯಾಮೆರಾ ಸೆಕೆಂಡಿಗೆ 200 ಮೆಗಾಬಿಟ್‌ನಲ್ಲಿ ಬರೆದರೂ ಅದು 25 ಎಂಬಿ. ನಿಮ್ಮ ಸಾಟಾ ಎಸ್‌ಎಸ್‌ಡಿ 500 ಎಂಬಿ ಕೊಡುತ್ತದೆ. ಮೂರು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಓಡಿಸಿದರೂ ಅದಕ್ಕೆ ಬೆವರುವುದಿಲ್ಲ.

ಮುಗ್ಗರಿಸುವುದು ಬಿಡಿಸಿ ಓದುವ ಕೆಲಸದಲ್ಲಿ. ಎಚ್.265 ಬಹಳ ಬಿಗಿಯಾಗಿ ಮಡಚಿದ ವಿಡಿಯೋ. ಅದನ್ನು ಬಿಚ್ಚಲು ಗ್ರಾಫಿಕ್ಸ್ ಚಿಪ್ಪಿನೊಳಗೆ ಪ್ರತ್ಯೇಕ ಭಾಗವಿರುತ್ತದೆ, ಆದರೆ ಅದು ಎಲ್ಲ ಬಗೆಯನ್ನೂ ಬಿಚ್ಚುವುದಿಲ್ಲ. 4:2:0, 4:2:2 ಎಂದರೆ ಬಣ್ಣದ ವಿವರ ಎಷ್ಟು ಉಳಿಸಿದೆ ಎಂಬುದರ ಬಗೆಗಳು; ಎರಡನೆಯದರಲ್ಲಿ ಹೆಚ್ಚು. ನಿಮ್ಮ 1050 ಕಾರ್ಡ್ 4:2:0 ಬಿಚ್ಚುತ್ತದೆ, 4:2:2 ಬಂದರೆ ಕೈಚೆಲ್ಲುತ್ತದೆ. ಆಗ ಇಡೀ ಹೊರೆ ಪ್ರೊಸೆಸರಿನ ತಲೆಗೆ. ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ತೆರೆದು ‘ವಿಡಿಯೋ ಡಿಕೋಡ್’ ಎಂಬ ಗೆರೆ ನೋಡಿ: ಸಿಪಿಯು ನೂರರಲ್ಲಿರುವಾಗಲೂ ಅದು ಸೊನ್ನೆಯಲ್ಲಿ ಮಲಗಿರುತ್ತದೆ. ದೊಡ್ಡ ಕಾರ್ಡ್ ಎಂದವರು ತಿಳಿಯಬೇಕಾದ್ದೇನೆಂದರೆ, ಎನ್ವಿಡಿಯಾದ 30 ಮತ್ತು 40 ಸರಣಿಯ ದುಬಾರಿ ಕಾರ್ಡುಗಳಿಗೂ ಈ ಬಗೆ ಬಾರದು. 2025ರಲ್ಲಿ ಬಂದ 50 ಸರಣಿಗೆ ಬರುತ್ತದೆ. ಇಂಟೆಲ್‌ನಲ್ಲಿ 12ನೇ ಪೀಳಿಗೆಯ ಪ್ರೊಸೆಸರಿನೊಳಗಿನ ಸಾಧಾರಣ ಗ್ರಾಫಿಕ್ಸ್‌ಗೇ ಬರುತ್ತದೆ! ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರ್ ಕೊಳ್ಳಬೇಡಿ. ನಿಮ್ಮ 9400ಎಫ್‌ಗೆ ಇರುವ ಅದೇ ಎಫ್. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದಲೇ ಸ್ವಲ್ಪ ಅಗ್ಗ.

ನನ್ನ ಸಲಹೆ: 12ನೇ ಅಥವಾ ನಂತರದ ಪೀಳಿಗೆಯ, ಎಫ್ ಇಲ್ಲದ ಐ5, ಅದಕ್ಕೆ ಡಿಡಿಆರ್4 ಬೋರ್ಡ್. ಆ ಪ್ರೊಸೆಸರುಗಳಿಗೆ ಡಿಡಿಆರ್5 ಬೋರ್ಡೂ ಸಿಗುತ್ತದೆ, ಅಂಗಡಿಯವರು ಅದನ್ನೇ ಮುಂದೆ ಇಡುತ್ತಾರೆ. ಡಿಡಿಆರ್4 ತೆಗೆದುಕೊಂಡರೆ ನಿಮ್ಮ ಈಗಿನ ಕಡ್ಡಿಗಳು ಉಳಿಯುತ್ತವೆ. 8 ಜಿಬಿ ನಿಮ್ಮ ಕೆಲಸಕ್ಕೆ ಸಾಲದು, 16 ಕನಿಷ್ಠ, 32 ನೆಮ್ಮದಿ. ನಿಮ್ಮ ಸಂಕಲನ ತಂತ್ರಾಂಶ ಇಂಟೆಲ್‌ನ ಕ್ವಿಕ್ ಸಿಂಕ್, ಅಂದರೆ ವಿಡಿಯೋ ಬಿಚ್ಚುವ ಆ ಭಾಗವನ್ನು, ಬಳಸುತ್ತದೆಯೇ ಎಂದು ಕೊಳ್ಳುವ ಮೊದಲೇ ಖಚಿತ ಮಾಡಿಕೊಳ್ಳಿ.

ಮುಂದಿನ ಲಗ್ನದ ಹಂಗಾಮಿಗೆ ಅಷ್ಟು ಹಣ ಹೊಂದದಿದ್ದರೆ, ಕ್ಯಾಮೆರಾವನ್ನು 4:2:0ಕ್ಕೆ ಇಳಿಸಿ. ಮದುವೆ ಮನೆಯವರಿಗೆ ವ್ಯತ್ಯಾಸ ಕಾಣುವುದಿಲ್ಲ. ಈಗಾಗಲೇ ತೆಗೆದದ್ದಕ್ಕೆ ಪ್ರಾಕ್ಸಿ ಮಾಡಿಕೊಳ್ಳಿ: ರಾತ್ರಿ ಮಲಗುವ ಮುನ್ನ ಹಗುರವಾದ ನಕಲುಗಳನ್ನು ತಯಾರಿಸಲು ಬಿಟ್ಟು, ಬೆಳಿಗ್ಗೆ ಅವುಗಳ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲದಿಂದ ಹೊರತೆಗೆಯಿರಿ.

ಪ್ರಶ್ನೆ: 16 ಟಿಬಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಆನ್‌ಲೈನಿನಲ್ಲಿ 1,999 ರೂಪಾಯಿಗೆ ಬಂದಿದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಸರಿಯಾಗಿ 16 ಟಿಬಿ ಎಂದೇ ತೋರಿಸುತ್ತದೆ. ಹಳೆಯ ಫೋಟೋಗಳನ್ನೆಲ್ಲ ಇದಕ್ಕೆ ಹಾಕಿ ಒಳಗಿನ ಡಿಸ್ಕ್ ಖಾಲಿ ಮಾಡಿದರೆ ಕಂಪ್ಯೂಟರ್ ಚುರುಕಾದೀತಲ್ಲವೇ?
— ಒಬ್ಬ ಓದುಗರು, ಮೀರಾ ರೋಡ್

ಉತ್ತರ: ಒಂದು ಫೋಟೋವನ್ನೂ ಹಾಕಬೇಡಿ. ಇಂಥ ಡಬ್ಬಿಗಳನ್ನು ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಸಿಗುವುದು ಅಂಟಿಸಿದ ಒಂದು ಮೆಮೊರಿ ಕಾರ್ಡ್. ಕಂಪ್ಯೂಟರ್ ಗಾತ್ರ ಕೇಳಿದಾಗ 16 ಟಿಬಿ ಎಂದು ಸುಳ್ಳು ಹೇಳುವಂತೆ ಅದರ ಚಿಪ್ಪನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿ. ಆಮೇಲೆ ಹಾಕಿದ ಕಡತಗಳ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಪೂರ್ತಿ ಜಾಗಕ್ಕೆ ಬರೆದು, ಮತ್ತೆ ಓದಿ ಹೇಳುತ್ತದೆ. ಹಣ ಹಿಂದಿರುಗಿಸುವ ಗಡುವು ಮುಗಿಯುವ ಮೊದಲು ಅದನ್ನು ಓಡಿಸಿ, ಬಂದ ಉತ್ತರದ ಫೋಟೋ ತೆಗೆದು ದೂರಿನ ಜೊತೆ ಸೇರಿಸಿ. ಒಳಗಿನ ಡಿಸ್ಕ್ ಎಷ್ಟು ತುಂಬಿದೆ, ಅದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಬರೆದಿಲ್ಲ. ಅದನ್ನು ಬರೆದು ಕಳುಹಿಸಿ, ಚುರುಕಾಗುವ ವಿಷಯ ಆಮೇಲೆ ಮಾತಾಡೋಣ.